ಬ್ಯಾಟರಿ ಬದಲಿಸಿದ ಮೇಲೆ ಕಾರ್ ಸ್ಟೀರಿಯೋ ಆನ್ ಆಗ್ತಿಲ್ಲ. ಫ್ಯೂಸ್ ಸರಿಯಿದೆ, ಕರೆಂಟೂ ಬರ್ತಿದೆ!

ಹಿಂದಿನಸೀಟು
ಎಲ್ರಿಗೂ ನಮಸ್ಕಾರ. ಮೂರು ದಿನದಿಂದ ಇದರ ಹಿಂದೆ ಬಿದ್ದು ಸಾಕಾಗಿದೆ, ಅದಕ್ಕೆ ಇಲ್ಲಿ ಕೇಳ್ತಿದೀನಿ.

ಕಾರು ಹತ್ತು ವರ್ಷ ಹಳೇದು, ಪುಟ್ಟ ಹ್ಯಾಚ್‌ಬ್ಯಾಕ್. ಸ್ಟೀರಿಯೋ ಕಂಪನಿಯಿಂದ ಬಂದಿದ್ದಲ್ಲ, ಹಳೇ ಓನರ್ ಹೊರಗಡೆ ಹಾಕಿಸಿದ್ದು. ನಾನು ಕೊಂಡಾಗಿನಿಂದ ಸರಿಯಾಗೇ ಹಾಡ್ತಿತ್ತು. ಕಳೆದ ಭಾನುವಾರ ಬ್ಯಾಟರಿ ಬದಲಿಸಿದೆ. ಅವತ್ತಿನಿಂದ ಕೀ ತಿರುಗಿಸಿದ್ರೆ ಸೆಟ್ ಕಲ್ಲು ಬಂಡೆ. ಲೈಟಿಲ್ಲ, ಡಿಸ್‌ಪ್ಲೇ ಇಲ್ಲ, ಬಟನ್ ಒತ್ತಿದ್ರೆ ಪೀಂ ಅನ್ನಲ್ಲ.

ಸೆಟ್ ಹಿಂದಿನ 10 ಆಂಪಿಯರ್ ಕೆಂಪು ಫ್ಯೂಸ್ ತೆಗೆದು ನೋಡಿದೆ, ಸುಟ್ಟಿಲ್ಲ. ಸ್ಟೀರಿಂಗ್ ಕೆಳಗಿನ ಫ್ಯೂಸ್ ಡಬ್ಬೀಲೂ ಎಲ್ಲ ಸರಿ. ಮೀಟರ್ ಇಟ್ಟೆ: ಯಾವಾಗ್ಲೂ ಕರೆಂಟ್ ಇರೋ ಹಳದಿ ತಂತೀಲಿ 12.5 ವೋಲ್ಟ್, ಕೀ ಆನ್ ಮಾಡಿದ್ರೆ ಕೆಂಪು ತಂತೀಲಿ 12.3. ಕರೆಂಟು ಬರ್ತಿದೆ ಅಂದ್ಮೇಲೆ ಸೆಟ್ಟೇ ಹೋಗಿದೆ ಅಂತ ತಾನೆ? ಹೊಸದಕ್ಕೆ ದುಡ್ಡು ಹಾಕೋ ಮುಂಚೆ ಒಂದು ಮಾತು ಕೇಳೋಣ ಅಂತ. ಬ್ಯಾಟರಿ ಹಾಕಿದವನ ಹತ್ರ ಆಗಲೇ ಒಂದು ಸುತ್ತು ಜಗಳ ಆಡಿ ಬಂದಿದೀನಿ.

ಗುಂಯ್‌ಗುಡು
ಸೆಟ್ ಹೋಗಿದೆ ಗುರು. ಹಳದಿ ಇದೆ, ಕೆಂಪಿದೆ, ಇನ್ನೇನು ಬೇಕು. ಹೊಸದು ಹಾಕು. ನಂದು 4×50 ವ್ಯಾಟ್, ಆನ್ ಮಾಡಿದ್ರೆ ಹಿಂದಿನ ಗಾಜು ಅದುರತ್ತೆ.

ತಾಮ್ರದತಂತಿ
ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದಂಗಾಯ್ತು.

@ಹಿಂದಿನಸೀಟು, ಒಂದೇ ಪ್ರಶ್ನೆ. 12.5 ಅಂತ ನೋಡಿದಾಗ ಮೀಟರಿನ ಕೆಂಪು ಕಡ್ಡಿ ಹಳದಿ ತಂತಿಗೆ ಇಟ್ರಿ, ಸರಿ. ಕಪ್ಪು ಕಡ್ಡಿ ಎಲ್ಲಿಟ್ರಿ?

ಫ್ಯೂಸ್‌ಹೋಯ್ತು
ಬ್ಯಾಟರಿ ಬದಲಿಸುವಾಗ ಪ್ಲಸ್ಸು ಮೈನಸ್ಸು ಅದಲು ಬದಲು ಆಗಿತ್ತಾ? ಒಂದು ಕ್ಷಣ ತಾಗಿದ್ರೂ ಸಾಕು. ಸೆಟ್ ಒಳಗೆ ಬರೋ ದಾರೀಲೇ ಒಂದು ಡಯೋಡ್ (ಕರೆಂಟು ಒಂದೇ ದಿಕ್ಕಿಗೆ ಬಿಡೋ ಪುಟ್ಟ ಭಾಗ) ಇರತ್ತೆ, ಸಪ್ಲೈ ಉಲ್ಟಾ ಬಂದ್ರೆ ಅದು ಶಾರ್ಟ್ ಆಗಿ ಫ್ಯೂಸ್ ಸುಡಿಸತ್ತೆ. ಒಳಗಿನ ಬೋರ್ಡ್ ಉಳೀಲಿ ಅಂತ ಇಟ್ಟ ಬಲಿಪಶು ಅದು. ನಂಗೆ ಹೀಗೇ ಆಗಿತ್ತು, ಕತ್ತಲಲ್ಲಿ ಜಂಪ್ ಸ್ಟಾರ್ಟ್ ಮಾಡೋಕೆ ಹೋಗಿ. ಆಮೇಲೆ ಹೊಸ ಫ್ಯೂಸ್ ಹಾಕಿದ ತಕ್ಷಣ ಟಪ್, ಇನ್ನೊಂದು ಹಾಕಿದ್ರೆ ಟಪ್. ಡಯೋಡ್ ಬದಲಿಸಿದ ಮೇಲೆ ಸರಿ ಹೋಯ್ತು. ಈ ಹೆಸರು ಬಂದಿದ್ದೂ ಅವತ್ತೇ.

ತಾಮ್ರದತಂತಿ
ಡಯೋಡ್ ಶಾರ್ಟ್ ಆಗಿದ್ರೆ ಫ್ಯೂಸ್ ಉಳೀತಿರ್ಲಿಲ್ಲ ಅಲ್ವಾ. ಇವರ ಫ್ಯೂಸ್ ಸರಿಯಿದೆ ಅಂತಿದಾರೆ. ಸರಿಯಿದೆ ಅಂದ್ರೆ ಕಣ್ಣಲ್ಲಿ ನೋಡಿದ್ದೋ ಮೀಟರಲ್ಲಿ ನೋಡಿದ್ದೋ, ಅದು ಬೇರೆ ವಿಷಯ. ಬ್ಲೇಡ್ ಫ್ಯೂಸಿನ ತಲೆ ಮೇಲೆ ಎರಡು ಪುಟ್ಟ ಲೋಹದ ಚುಕ್ಕೆ ಕಾಣತ್ತೆ, ಫ್ಯೂಸ್ ಕೀಳದೇನೇ ಎರಡಕ್ಕೂ ಮೀಟರ್ ಮುಟ್ಟಿಸಿ ನೋಡಬಹುದು. ಎರಡೂ ಕಡೆ 12 ಬಂದ್ರೆ ಫ್ಯೂಸ್ ಜೀವಂತ.

ಸಣ್ಣಸ್ಕ್ರೂ
ಅಲ್ರೀ, ಮೊದಲ ಸಣ್ಣ ಕೆಲಸ ಮಾಡ್ರಿ. ಮುಖದ ಪ್ಯಾನಲ್ ಕಿತ್ತಿ ಹಾಕೋದೈತೇನು? ಇದ್ರ ಅದರ ಹಿಂದಿನ ಪಿನ್ನು ಸ್ಪಿರಿಟ್‌ನ್ಯಾಗ ಹತ್ತಿ ಅದ್ದಿ ಒರೆಸ್ರಿ. ಸಣ್ಣ ತೂತಿನ್ಯಾಗ ರಿಸೆಟ್ ಬಟನ್ ಇರ್ತದ, ಪೇಪರ್ ಪಿನ್ ತಗೊಂಡು ಒತ್ರಿ. ನನ್ನ ಗೆಳೆಯ ಒಬ್ಬಾಂವ ಇಡೀ ಡ್ಯಾಶ್‌ಬೋರ್ಡ್ ಬಿಚ್ಚಿ ನೆಲಕ್ಕ ಹರಡಿ ಕುಂತಿದ್ದ. ಕಡೀಗ ನೋಡಿದ್ರ ಪ್ಯಾನಲ್ ಸರಿ ಕುಂತಿದ್ದಿಲ್ಲ, ಅಷ್ಟ.

ಹಿಂದಿನಸೀಟು
ಪ್ಯಾನಲ್ ಕಳಚೋದೇ, ಒರೆಸಿ ನೋಡಿದೆ. ರಿಸೆಟ್ಟೂ ಒತ್ತಿದೆ. ಏನೂ ಇಲ್ಲ.

ಬ್ಯಾಟರಿ ಉಲ್ಟಾ ಆಗಿಲ್ಲ, ನಾನು ಪಕ್ಕದಲ್ಲೇ ನಿಂತಿದ್ದೆ. ಫ್ಯೂಸ್ ಮೀಟರಲ್ಲೂ ನೋಡಿದೆ, ಸರಿ ಇದೆ.

@ತಾಮ್ರದತಂತಿ ಸರ್, ಕಪ್ಪು ಕಡ್ಡಿ ಬಾಗಿಲ ಕೀಲಿನ ಬೋಲ್ಟಿಗೆ ಇಟ್ಟಿದ್ದೆ. ವಿಡಿಯೋಲಿ ಹಂಗೇ ತೋರಿಸಿದ್ರು.

ತಾಮ್ರದತಂತಿ
ಸರ್ ಅಲ್ಲ, ಮೇಡಂ. ಇರ್ಲಿ ಬಿಡಿ.

ಹಾಗಿದ್ರೆ ನೀವು ನೋಡಿದ್ದು ಕರೆಂಟು ಬರೋ ದಾರಿ ಮಾತ್ರ. ವಾಪಸ್ ಹೋಗೋ ದಾರಿ ನೋಡೇ ಇಲ್ಲ. ಸೆಟ್ ಬಾಗಿಲ ಬೋಲ್ಟಿಗೆ ಸೇರ್ಕೊಂಡಿಲ್ಲ ತಾನೆ? ಅದು ಕಪ್ಪು ತಂತೀನ, ಅಂದ್ರೆ ಕಾರಿನ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ಸೇರೋ ಅರ್ಥ್ ತಂತೀನ, ನಂಬ್ಕೊಂಡಿದೆ. ಈಗ ಸೆಟ್ ಹಿಂದೆ ತಂತಿಗಳೆಲ್ಲ ಸೇರೋ ಕಪ್ಲರ್ ಒಳಗಿನ ಕಪ್ಪು ತಂತಿಗೇ ಕಪ್ಪು ಕಡ್ಡಿ ಇಟ್ಟು ಹಳದಿ ನೋಡಿ.

ಗುಂಯ್‌ಗುಡು
ಅರ್ಥ್ ಹೋದ್ರೆ ಲೈಟಾದ್ರೂ ಮಿಣುಕ್ತಿತ್ತು. ನಾನಿನ್ನೂ ಸೆಟ್ ಹೋಗಿದೆ ಅಂತ್ಲೇ ಹೇಳೋದು.

ಬಾಗಿಲಮೂಲೆ
ಮಾರಾಯ್ರೇ, ಒಂದು ಮಾತು. ಡ್ಯಾಶ್‌ಬೋರ್ಡಿನ ಒಳಗೆ ಕೈ ಹಾಕುವಾಗ ಹಳದಿ ಬಣ್ಣದ ಕಪ್ಲರ್ ಅಥವಾ ಹಳದಿ ಕೊಳವೆ ಹೊದ್ದ ವಯರು ಕಂಡ್ರೆ ಅದಕ್ಕೆ ಮೀಟರು ಬಲ್ಬು ಏನೂ ಮುಟ್ಟಿಸ್ಲಿಕ್ಕೆ ಹೋಗ್ಬೇಡಿ, ಅದು ಏರ್‌ಬ್ಯಾಗಿನದ್ದು. ಸೆಟ್ಟಿನ ಹಳದಿ ವಯರು ಬೇರೆ, ಇದು ಬೇರೆ.

ಮತ್ತೆ ಫ್ಯೂಸಿನ ಜಾಗಕ್ಕೆ ದೊಡ್ಡ ಫ್ಯೂಸ್ ಹಾಕುವ ಬುದ್ಧಿವಂತಿಕೆ ಸಹ ಬೇಡ. ನಾನು ಒಮ್ಮೆ ಬೇಗಡೆ ಸುತ್ತಿ ಹಾಕಿದ್ದೆ, ಊರಿಗೆ ಮುಟ್ಟುವ ತನಕ ಪದ್ಯ ಕೇಳುವ ಅಂತ. ಕಾಲಿನ ಹತ್ರ ಹೊಗೆ ಬಂತು. ವಯರಿನ ಮೇಲಿನ ಪ್ಲಾಸ್ಟಿಕ್ ಕರಗಿ ಪಕ್ಕದ ಐದಾರು ವಯರಿಗೆ ಅಂಟಿಕೊಂಡಿತ್ತು. ಫ್ಯೂಸ್ ಇರುವುದು ಸೆಟ್ಟನ್ನು ಕಾಯ್ಲಿಕ್ಕಲ್ಲ, ವಯರಿಗೆ ಬೆಂಕಿ ಬೀಳದ ಹಾಗೆ ಕಾಯ್ಲಿಕ್ಕೆ ಅಂತ ಆಮೇಲೆ ಗೊತ್ತಾಯ್ತು.

ಸುಮ್ನೆಓದೋನು
ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಂದು ಹೊಸ ಕಾರು, ಅದರ ಕಪ್ಲರಲ್ಲಿ ಕೀ ಆನ್ ಮಾಡಿದಾಗ 12 ವೋಲ್ಟ್ ಬರೋ ತಂತಿನೇ ಸಿಗ್ತಿಲ್ಲ. ಹೊರಗಿನ ಸೆಟ್ ಹಾಕೋದು ಹೇಗೆ?

ತಾಮ್ರದತಂತಿ
@ಸುಮ್ನೆಓದೋನು, ಎಷ್ಟೋ ಹೊಸ ಗಾಡಿಗಳಲ್ಲಿ ಆ ತಂತಿ ಇರೋದೇ ಇಲ್ಲ. ಕೀ ಆನ್ ಆಯ್ತು ಅನ್ನೋ ಸುದ್ದಿ ಕ್ಯಾನ್ ಬಸ್ ಅನ್ನೋ ಎರಡು ತಂತಿಯ ಜಾಲದಲ್ಲಿ ಸಂದೇಶವಾಗಿ ಓಡಾಡತ್ತೆ. ಅದನ್ನ ಓದಿ 12 ವೋಲ್ಟ್ ಹೊರಗೆ ಕೊಡೋ ಅಡಾಪ್ಟರ್ ಸಿಗತ್ತೆ, ನಿಮ್ಮ ಗಾಡಿ ಮಾಡೆಲ್‌ಗೆ ಹೊಂದೋದೇ ತಗೊಳ್ಳಿ. ಸಿಗಲಿಲ್ಲ ಅಂತ ಕೆಂಪು ತಂತೀನ ಹಳದಿ ಜೊತೆ ಸೇರಿಸಿಬಿಡಬೇಡಿ. ಸೆಟ್ ರಾತ್ರಿಯೆಲ್ಲ ಎಚ್ಚರ ಇದ್ದು ಬ್ಯಾಟರಿ ಕುಡಿಯತ್ತೆ.

ಫ್ಯೂಸ್‌ಹೋಯ್ತು
ಇದರದ್ದೇ ತಮ್ಮ ಇನ್ನೊಂದಿದೆ: ಹಳದಿ ಕೆಂಪು ಅದಲು ಬದಲು. ಯುರೋಪಿನ ಗಾಡಿಗಳ ಐಎಸ್‌ಒ ಅನ್ನೋ ಸ್ಟ್ಯಾಂಡರ್ಡ್ ಕಪ್ಲರಲ್ಲಿ 4ನೇ ಪಿನ್ನು ಯಾವಾಗ್ಲೂ ಇರೋ 12 ವೋಲ್ಟ್, 7ನೇದು ಕೀ ಹಾಕಿದ್ರೆ ಬರೋದು, 8ನೇದು ಅರ್ಥ್. ಫೋಕ್ಸ್‌ವ್ಯಾಗನ್ ಕುಟುಂಬದ ಕೆಲವು ಹಳೇ ಗಾಡಿಗಳಲ್ಲಿ 4 ಮತ್ತು 7 ಜಾಗ ಬದಲಾಗಿರತ್ತೆ. ಹಂಗೇ ಸಿಗಿಸಿದ್ರೆ ಸೆಟ್ ಹಾಡತ್ತೆ, ಆದ್ರೆ ಕೀ ತೆಗೆದಾಗೆಲ್ಲ ಗಡಿಯಾರ, ಸ್ಟೇಷನ್ ಎಲ್ಲ ಮರೆತು ಹೊಸ ಮದುಮಗನ ತರ ನೋಡತ್ತೆ.

ಹಿಂದಿನಸೀಟು
ನೋಡಿದೆ ಮೇಡಂ. ಕಪ್ಲರ್‌ನ ಕಪ್ಪು ತಂತಿಗೇ ಕಡ್ಡಿ ಇಟ್ಟು ಹಳದಿ ನೋಡಿದ್ರೆ 11.9. ಸ್ವಲ್ಪ ಕಮ್ಮಿ, ಆದ್ರೂ ಅರ್ಥ್ ಬರ್ತಿದೆ ಅಂತಾಯ್ತಲ್ಲ? ಈಗ ಸೆಟ್ಟೇ ಅಂತ ಒಪ್ಕೊಳ್ಳಲಾ?

ಗುಂಯ್‌ಗುಡು
ನಾನು ಎರಡನೇ ಪೋಸ್ಟಲ್ಲೇ ಹೇಳಿದ್ದೆ 😎

ತಾಮ್ರದತಂತಿ
ಇನ್ನೂ ಇಲ್ಲ. ಆ ಅರ್ಧ ವೋಲ್ಟ್ ಎಲ್ಲಿ ಹೋಯ್ತು? ಮೀಟರಿನ ಎದುರು ಅರ್ಧ ವೋಲ್ಟ್ ಕಮ್ಮಿ ಬರೋದು ಸಣ್ಣ ವಿಷಯ ಅಲ್ಲ.

ಕಪ್ಲರ್ ಸೆಟ್ಟಿಂದ ಕಿತ್ತು, ಒಂದು 21 ವ್ಯಾಟಿನ ಇಂಡಿಕೇಟರ್ ಬಲ್ಬಿಗೆ ಎರಡು ತಂತಿ ಕಟ್ಟಿ. ಒಂದು ತುದಿ ಹಳದಿಗೆ, ಇನ್ನೊಂದು ಕಪ್ಪಿಗೆ. ಉರಿಯತ್ತಾ ನೋಡಿ. ಆಮೇಲೆ ಆ ಎರಡನೇ ತುದೀನ ಕಪ್ಪಿಂದ ತೆಗೆದು ನಿಮ್ಮ ಬಾಗಿಲ ಬೋಲ್ಟಿಗೆ ಮುಟ್ಟಿಸಿ.

ಗುಂಯ್‌ಗುಡು
ಮೀಟರ್ 11.9 ತೋರಿಸ್ತಿದೆ, ಇವರು ಬಲ್ಬ್ ಹುಡುಕು ಅಂತಾರೆ. ಮೀಟರ್ ಸುಳ್ಳು ಹೇಳತ್ತಾ?

ತಾಮ್ರದತಂತಿ
ಸುಳ್ಳು ಹೇಳಲ್ಲ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡತ್ತೆ. ಮೀಟರ್ ಕಿಟಕಿ ಸಂದೀಲಿ ಇಣುಕೋದು. ಸೆಟ್ಟು ಬಾಗಿಲಲ್ಲಿ ಒಳಗೆ ಬರಬೇಕು. ಸಂದೀಲಿ ಕಣ್ಣು ತೂರತ್ತೆ, ಆಳು ತೂರಲ್ಲ.

ಲೆಕ್ಕ ಬೇಕಾದ್ರೆ ತಗೊಳ್ಳಿ. ಡಿಜಿಟಲ್ ಮೀಟರಿನ ಒಳಗಿನ ರೆಸಿಸ್ಟೆನ್ಸ್ ಸಾಮಾನ್ಯವಾಗಿ 10 ಮೆಗಾ ಓಮ್. ಅದು ಎಳೆಯೋ ಕರೆಂಟು ಒಂದು ಆಂಪಿಯರಿನ ಹತ್ತು ಲಕ್ಷದಲ್ಲಿ ಒಂದೆರಡು ಭಾಗ. ಅರ್ಥ್ ಜಾಯಿಂಟಲ್ಲಿ ಕಿಲುಬು ಹಿಡಿದು ಸಾವಿರ ಓಮ್ ಕೂತಿದ್ರೂ ಮೀಟರಿಗೆ ಅದು ಲೆಕ್ಕಕ್ಕೇ ಇಲ್ಲ, 12.5 ಇದ್ರೆ 12.5ನ್ನೇ ತೋರಿಸತ್ತೆ. ಆದ್ರೆ 21 ವ್ಯಾಟ್ ಬಲ್ಬಿಗೆ ಹತ್ತಿರ ಹತ್ತಿರ 1.75 ಆಂಪಿಯರ್ ಬೇಕು. ಸಾವಿರ ಓಮಿನ ದಾರೀಲಿ 12 ವೋಲ್ಟ್ ತಳ್ಳೋಕಾಗೋದು 12 ಮಿಲಿ ಆಂಪಿಯರ್ ಮಾತ್ರ. ಬಲ್ಬ್ ಕಣ್ಣು ಬಿಡೋದೂ ಇಲ್ಲ. ಸೆಟ್ಟೂ ಹಂಗೇ. ನೀವು ಹೇಳಿದ ಆ ಮಿಣುಕೋದಕ್ಕೂ ಅದು ಸಾಲಲ್ಲ.

ಇವರ ಮೀಟರಲ್ಲಿ ಅರ್ಧ ವೋಲ್ಟ್ ಕಾಣೆಯಾಗಿದೆ ಅಂದ್ರೆ ಅಲ್ಲಿರೋದು ಸಾವಿರ ಓಮಲ್ಲ, ಲಕ್ಷಗಳ ಲೆಕ್ಕ.

ಸಣ್ಣಸ್ಕ್ರೂ
ಈ ಅಕ್ಕಾರು ಹೇಳೋದು ಖರೆ ಐತ್ರಿ. ನಾವು ಗ್ಯಾರೇಜಿನ್ಯಾಗ ಮೀಟರ್ ನಂಬೂದು ಕಮ್ಮಿ, ಟೆಸ್ಟ್ ಲ್ಯಾಂಪ್ ನಂಬೂದು ಜಾಸ್ತಿ. ಬಲ್ಬು ಬೆಳಕ ಕೊಟ್ರ ಕೊಟ್ಟಂಗ, ಇಲ್ಲಂದ್ರ ಇಲ್ಲ.

ಆದ್ರ ಹೊಸ ಗಾಡಿ ಕಂಪ್ಯೂಟರ್ ವಯರಿಗೆ ಬಲ್ಬ್ ಹಚ್ಚಬ್ಯಾಡ್ರಿ ಮತ್ತ. ಸೆಟ್ಟಿನ ಪವರ್ ವಯರಿಗೆ ಅಷ್ಟ.

ನಿಧಾನಗಾಮಿ
ಬಲ್ಬಿನ ಮಾತು ಬಂದಿದ್ದಕ್ಕೆ ನೆನಪಾಯಿತು. ನಾನು ಕೆಲಸ ಕಲಿತ ಕಾಲದಲ್ಲಿ ಕೆಲವು ಹಳೆಯ ಇಂಗ್ಲಿಷ್ ಕಾರುಗಳು ಬರುತ್ತಿದ್ದವು, ಅವುಗಳಲ್ಲಿ ಬಾಡಿಗೆ ಸೇರಿಸಿದ್ದು ಬ್ಯಾಟರಿಯ ಪ್ಲಸ್! 1960ರ ದಶಕದವರೆಗೂ ಹಾಗೆ ಮಾಡುತ್ತಿದ್ದರು. ಅದಕ್ಕೆ ಈಗಿನ ಸೆಟ್ ಹಾಕಿದರೆ ಕತೆ ಮುಗಿಯಿತು. ಅದಕ್ಕೂ ಹಿಂದಿನ, ಟ್ರಾನ್ಸಿಸ್ಟರ್ ಬದಲು ಗಾಜಿನ ವಾಲ್ವ್ ಇದ್ದ ರೇಡಿಯೋಗಳಲ್ಲಿ ವೈಬ್ರೇಟರ್ ಎಂಬ ಡಬ್ಬಿ ಇರುತ್ತಿತ್ತು. ಬ್ಯಾಟರಿಯ ಡಿಸಿಯನ್ನು ಕತ್ತರಿಸಿ ಕತ್ತರಿಸಿ ಟ್ರಾನ್ಸ್‌ಫಾರ್ಮರಿಗೆ ಕೊಟ್ಟು ವಾಲ್ವಿಗೆ ಬೇಕಾದ ನೂರಾರು ವೋಲ್ಟ್ ಮಾಡುತ್ತಿತ್ತು. ಸೆಟ್ಟಿಗೆ ಪವರ್ ಬಂತೋ ಇಲ್ಲವೋ ಎಂದು ನೋಡಲು ಮೀಟರೂ ಬೇಡ ಬಲ್ಬೂ ಬೇಡ, ಅದು ಗುಂಯ್ ಎನ್ನುವುದು ಕಿವಿಗೆ ಕೇಳುತ್ತಿತ್ತು. ಗ್ಯಾಲ್ವಿನ್ ಸಹೋದರರು 1930ರಲ್ಲಿ ಕಾರಿನ ರೇಡಿಯೋಗೆ ಮೋಟೊರೋಲಾ ಎಂದು ಹೆಸರಿಟ್ಟದ್ದು. ಈಗಿನ ಹುಡುಗರು ಅದನ್ನು ಫೋನಿನ ಹೆಸರು ಎಂದುಕೊಂಡಿದ್ದಾರೆ.

ಸುಮ್ನೆಓದೋನು
ನಾನೂ ಫೋನ್ ಅಂತಲೇ ಅಂದ್ಕೊಂಡಿದ್ದೆ 🙈

ಫ್ಯೂಸ್‌ಹೋಯ್ತು
@ಗುಂಯ್‌ಗುಡು, ನಿಮ್ಮ 4×50 ಬಗ್ಗೆ ಒಂದು ಅನುಮಾನ. ಸೆಟ್ ಹಿಂದೆ ಫ್ಯೂಸ್ ಎಷ್ಟರದ್ದಿದೆ?

ಗುಂಯ್‌ಗುಡು
10 ಆಂಪಿಯರ್. ಯಾಕೆ?

ಫ್ಯೂಸ್‌ಹೋಯ್ತು
ಎಂಜಿನ್ ಓಡ್ತಿರುವಾಗ 14.4 ವೋಲ್ಟ್ ಅಂತಿಟ್ಕೊಳ್ಳಿ. 10 ಆಂಪಿಯರ್ ಅಂದ್ರೆ ಒಳಗೆ ಹೋಗೋದೇ 144 ವ್ಯಾಟ್. ಅದರಲ್ಲೂ ಒಂದು ಪಾಲು ಹಿಂದಿನ ಅಲ್ಯೂಮಿನಿಯಂ ತುಂಡು ಬಿಸಿ ಮಾಡೋಕೆ. ಹೊರಗೆ 200 ಹೇಗೆ ಬರತ್ತೆ?

ಗುಂಯ್‌ಗುಡು
ಡಬ್ಬದ ಮೇಲೆ ಬರೆದಿದೆ.

ಫ್ಯೂಸ್‌ಹೋಯ್ತು
ಡಬ್ಬದ ಮೇಲೆ ಬರೆದಿರೋದು ಒಂದು ಕ್ಷಣದ ಗರಿಷ್ಠ. ಎಡೆಬಿಡದೆ ಕೊಡೋದು ಚಾನೆಲ್‌ಗೆ 20ರ ಆಸುಪಾಸು. ಗಾಜು ಅದುರೋದು ಗಾಜಿನ ರಬ್ಬರ್ ಸಡಿಲ ಆಗಿರೋದಕ್ಕೆ.

ಸಣ್ಣಸ್ಕ್ರೂ
😂😂 ರಬ್ಬರ್ ನೋಡಿಸ್ರಿ ಅಣ್ಣಾರ

ಹಿಂದಿನಸೀಟು
ಬಲ್ಬ್ ಪರೀಕ್ಷೆ ಆಯ್ತು!

ಹಳದಿ ಮತ್ತು ಕಪ್ಪು: ಬಲ್ಬ್ ಉರೀಲೇ ಇಲ್ಲ. ಹಳದಿ ಮತ್ತು ಬಾಗಿಲ ಬೋಲ್ಟ್: ಕಣ್ಣು ಕುಕ್ಕೋ ಹಾಗೆ ಉರೀತು. ಕೆಂಪಿಗೂ ಕೀ ಆನ್ ಮಾಡಿ ಹಂಗೇ ನೋಡಿದೆ, ಬೋಲ್ಟಿಗೆ ಉರಿಯತ್ತೆ, ಕಪ್ಪಿಗೆ ಇಲ್ಲ. ಮೇಡಂ, ನಿಮ್ಮ ಮಾತು ನಿಜ. ಅರ್ಥ್ ಹೋಗಿದೆ.

ಆದ್ರೆ ಒಂದು ಅರ್ಥ ಆಗ್ತಿಲ್ಲ. ಬ್ಯಾಟರಿ ಬದಲಿಸೋ ತನಕ ಚೆನ್ನಾಗಿತ್ತಲ್ಲ? ಬ್ಯಾಟರಿ ಮೈನಸ್ ಗಟ್ಟಿ ಇದೆ, ಸ್ಟಾರ್ಟರ್ ಒಂದೇ ಏಟಿಗೆ ತಿರುಗತ್ತೆ. ಭಾನುವಾರ ಇದ್ದಕ್ಕಿದ್ದಂಗೆ ಕಿಲುಬು ಹಿಡೀತಾ?

ತಾಮ್ರದತಂತಿ
ಒಳ್ಳೇ ಪ್ರಶ್ನೆ. ನನಗೂ ಅದು ಕೂರ್ತಿಲ್ಲ. ಲಕ್ಷ ಓಮಿನ ಕಿಲುಬು ಒಂದು ದಿನದ್ದಲ್ಲ.

ಗುಂಯ್‌ಗುಡು
ಬ್ಯಾಟರಿ ಹಾಕಿದವನು ಏನೋ ಎಳೆದಿರ್ತಾನೆ.

ನಿಧಾನಗಾಮಿ
ಎರಡು ಪ್ರಶ್ನೆ. ಸೆಟ್ ಹಾಡುತ್ತಿದ್ದ ಕಾಲದಲ್ಲಿ ಆಕ್ಸಿಲರೇಟರ್ ಒತ್ತಿದಂತೆ ಸ್ಪೀಕರಿನಲ್ಲಿ ಕುಂಯ್‌ಗುಡುವ ಸದ್ದು ಏರುತ್ತಿತ್ತೇ? ಮತ್ತೆ, ಈಚೆಗೆ ಆಂಟೆನಾ ಏನಾದರೂ ಬಿಚ್ಚಿದಿರಾ?

ಹಿಂದಿನಸೀಟು
ಅಯ್ಯೋ. ಎರಡಕ್ಕೂ ಹೌದು.

ಕುಂಯ್ ಸದ್ದು ನಾನು ಕೊಂಡಾಗಿನಿಂದ ಇತ್ತು, ಎಂಜಿನ್ ಜೋರಾದ್ರೆ ಅದೂ ಜೋರಾಗ್ತಿತ್ತು. ಹಳೇ ಸೆಟ್ ಅಂದ್ರೆ ಹಂಗೇ ಅಂದ್ಕೊಂಡಿದ್ದೆ. ಆಂಟೆನಾ ಮುರಿದಿತ್ತು. ಬ್ಯಾಟರಿ ಹಾಕಿಸಿದ ದಿನವೇ ಬೆಳಿಗ್ಗೆ ಛಾವಣಿ ಮೇಲಿನ ಬೇಸ್ ಸಮೇತ ಬಿಚ್ಚಿ, ಮಳೆ ನೀರು ಇಳೀಬಾರದು ಅಂತ ಟೇಪ್ ಹಚ್ಚಿದೀನಿ. ಹೊಸದು ಇನ್ನೂ ಬಂದಿಲ್ಲ. ಅದಕ್ಕೂ ಪವರಿಗೂ ಏನು ಸಂಬಂಧ ಅಂತ ಇಲ್ಲಿ ಬರೀಲೇ ಇಲ್ಲ.

ತಾಮ್ರದತಂತಿ
ಅಬ್ಬಾ! ಯಜಮಾನ್ರೇ, ಕೈ ಮುಗಿದೆ.

ನಿಧಾನಗಾಮಿ
ಬೇಡಮ್ಮ, ನಾನೂ ಒಮ್ಮೆ ಇದೇ ತೊಂದರೆಯಲ್ಲಿ ಎರಡು ದಿನ ಹಾಳು ಮಾಡಿದ್ದೇನೆ.

ಆಂಟೆನಾ ತಂತಿ ನೋಡಿದ್ದೀರಲ್ಲ, ನಡುವೆ ಸಣ್ಣ ಎಳೆ, ಸುತ್ತ ಜಾಲರಿ. ಆ ಜಾಲರಿಯ ಒಂದು ತುದಿ ಸೆಟ್ಟಿನ ಲೋಹದ ಮೈಗೆ, ಇನ್ನೊಂದು ತುದಿ ಆಂಟೆನಾ ಬೇಸಿನ ಮೂಲಕ ಛಾವಣಿಯ ತಗಡಿಗೆ. ನಿಮ್ಮ ಕಪ್ಪು ತಂತಿ ಎಂದೋ ಕೆಲಸ ಬಿಟ್ಟಿದೆ. ಇಷ್ಟು ವರ್ಷ ಸೆಟ್ಟಿನ ಕರೆಂಟೆಲ್ಲ ಆ ಜಾಲರಿಯ ಮೇಲೆ ವಾಪಸ್ ಹೋಗುತ್ತಿತ್ತು. ಅದು ಅದಕ್ಕಾಗಿ ಮಾಡಿದ ದಾರಿಯಲ್ಲ, ಹಾಗಾಗಿ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರಿನ ಸದ್ದೂ ಅದರ ಜತೆ ಒಳಗೆ ಬರುತ್ತಿತ್ತು. ಭಾನುವಾರ ಬೇಸ್ ಬಿಚ್ಚಿದಿರಿ, ಇದ್ದ ಒಂದು ದಾರಿಯೂ ಹೋಯಿತು. ಎಷ್ಟೋ ಕಾರುಗಳಲ್ಲಿ ಸೆಟ್ಟಿನ ಲೋಹದ ಚೌಕಟ್ಟು ಡ್ಯಾಶಿನ ಕಬ್ಬಿಣಕ್ಕೆ ತಾಗಿ ಅರ್ಥ್ ಆಗಿಬಿಡುತ್ತದೆ. ನಿಮ್ಮದು ಪ್ಲಾಸ್ಟಿಕ್ ಚೌಕಟ್ಟು ಇರಬೇಕು.

ಹಿಂದಿನಸೀಟು
ಹೌದು ಸರ್, ಪೂರಾ ಪ್ಲಾಸ್ಟಿಕ್.

ಬ್ಯಾಟರಿ ಹಾಕಿದವನಿಗೆ ಏನೇನೋ ಅಂದು ಬಂದಿದೀನಿ ನಾನು…

ಬಾಗಿಲಮೂಲೆ
ಹೋಗಿ ಒಂದು ಸಾರಿ ಹೇಳಿ ಬನ್ನಿ ಮಾರಾಯ್ರೇ. ಮೂರು ವರ್ಷಕ್ಕೆ ಪುನಃ ಬ್ಯಾಟರಿ ಬೇಕಾಗ್ತದೆ.

ಸಣ್ಣಸ್ಕ್ರೂ
ಈಗ ಕಪ್ಪು ವಯರ್ ಎಲ್ಲಿಗೆ ಹೋಗೇತಿ ಹಿಡಕೊಂಡು ಹೋಗ್ರಿ. ನಾ ಹೇಳ್ತೀನಿ, ಪೇಂಟ್ ಮ್ಯಾಲ ಸ್ಕ್ರೂ ಹೊಡದಿರ್ತಾರ.

ಹಿಂದಿನಸೀಟು
ಇದ್ದಲ್ಲೇ ಇದ್ದಂಗೆ ಹೇಳಿದ್ರಿ! ಬ್ಯಾಟರಿ ಮೈನಸ್ ಮೊದಲು ಬಿಚ್ಚಿಟ್ಟು ಕಪ್ಪು ತಂತಿ ಹಿಡಿದು ಹೋದೆ. ಒಂದು ಗೇಣು ದೂರದಲ್ಲಿ ಎರಡು ತಂತೀನ ಬರೀ ಹೊಸೆದು ಟೇಪ್ ಸುತ್ತಿದ್ದಾರೆ. ಟೇಪ್ ಬಿಚ್ಚಿದ್ರೆ ಅಂಟು ಅಂಟು, ಒಳಗೆ ತಾಮ್ರ ಪೂರ್ತಿ ಹಸಿರು. ಅಲ್ಲಿಂದ ಮುಂದೆ ಡ್ಯಾಶ್ ಒಳಗಿನ ಒಂದು ಪಟ್ಟಿಗೆ ಸ್ಕ್ರೂ, ಅದೂ ಪೇಂಟ್ ಮೇಲೇ. ಸ್ಕ್ರೂ ಬೆರಳಲ್ಲೇ ತಿರುಗ್ತು.

ಹೊಸ ತಂತಿ ಹಾಕಿದೆ, ತುದಿಗೆ ಬೋಲ್ಟಿಗೆ ಸಿಗಿಸೋ ಉಂಗುರದ ತರದ ರಿಂಗ್ ಲಗ್ ಒತ್ತಿಸಿದೆ, ಪಟ್ಟಿ ಬಿಟ್ಟು ಬಾಡಿಯದೇ ಒಂದು ಬೋಲ್ಟಿನ ಸುತ್ತ ಬಣ್ಣ ಉಜ್ಜಿ ಬಿಗಿದೆ. ಕೀ ಆನ್… ಬಂತು!! ಡಿಸ್‌ಪ್ಲೇ ಇಷ್ಟು ಬೆಳಕಿತ್ತು ಅಂತ ನಂಗೆ ಗೊತ್ತೇ ಇರ್ಲಿಲ್ಲ.

ತಾಮ್ರದತಂತಿ
ಸಂತೋಷ. ಕೊನೇ ಒಂದು ಪರೀಕ್ಷೆ: ಸೆಟ್ ಜೋರಾಗಿ ಹಾಡ್ತಿರುವಾಗ ಮೀಟರಿನ ಒಂದು ಕಡ್ಡಿ ಸೆಟ್ಟಿನ ಕಪ್ಪು ತಂತಿಗೆ, ಇನ್ನೊಂದು ಬ್ಯಾಟರಿ ಮೈನಸ್ಸಿಗೆ. 0.1 ವೋಲ್ಟಿನ ಒಳಗಿದ್ರೆ ನಿಶ್ಚಿಂತೆ.

ಫ್ಯೂಸ್‌ಹೋಯ್ತು
ಲಗ್ ಒತ್ತಿಸಿದ ಮೇಲೆ ಬೆಸುಗೆ ಹಾಕಿದ್ರಾ? ಹಾಕಿದ್ರೆ ಗಟ್ಟಿ.

ಸಣ್ಣಸ್ಕ್ರೂ
ಬ್ಯಾಡ್ರಿ. ಅಲುಗಾಡೋ ಗಾಡಿಗೆ ಬೆಸುಗಿ ಹಾಕಿದ್ರ, ಬೆಸುಗಿ ಮುಗಿಯೋ ಜಾಗದಾಗ ವಯರ್ ಬಿರುಸಾಗಿ ಮುರೀತದ. ಛಲೋ ಇಕ್ಕಳದಿಂದ ಒತ್ತಿದ್ರ ಸಾಕು.

ಫ್ಯೂಸ್‌ಹೋಯ್ತು
ಹದಿನೈದು ವರ್ಷದಿಂದ ಬೆಸುಗೆ ಹಾಕ್ತಿದೀನಿ, ಒಂದೂ ಮುರಿದಿಲ್ಲ. ಮುರಿಯೋದು ತಂತಿಗೆ ಆಸರೆ ಕೊಡದೇ ನೇತಾಡೋಕೆ ಬಿಟ್ರೆ.

ಸಣ್ಣಸ್ಕ್ರೂ
ನನ್ನ ಹತ್ರ ಬರೂವು ಮುರಿದಿದ್ದ ಬರ್ತಾವು, ನಾ ಏನ್ ಮಾಡ್ಲಿ.

ಗುಂಯ್‌ಗುಡು
ಸರಿ, ಸೆಟ್ ಹೋಗಿಲ್ಲ, ಒಪ್ಕೊಂಡೆ. ಅಂದ ಹಾಗೆ ನಿನ್ನೆ ರಾತ್ರಿ ಹಿಂದಿನ ಗಾಜಿನ ರಬ್ಬರ್ ನೋಡಿದೆ.

ಫ್ಯೂಸ್‌ಹೋಯ್ತು
ಮತ್ತೆ?

ಗುಂಯ್‌ಗುಡು
ಮಾತಾಡ್ಬೇಡಿ.

ಹಿಂದಿನಸೀಟು
@ತಾಮ್ರದತಂತಿ ಮೇಡಂ, 0.04 ಬಂತು. ಎಂಜಿನ್ ಎಷ್ಟು ಜೋರು ಮಾಡಿದ್ರೂ ಕುಂಯ್ ಸದ್ದಿಲ್ಲ. ಪೆನ್ ಡ್ರೈವ್ ಹಾಡು ಸೊಗಸಾಗಿ ಬರ್ತಿದೆ. ಎಫ್‌ಎಂ ಹಾಕಿದ್ರೆ ಮಾತ್ರ ಒಂದು ಸ್ಟೇಷನ್ನೂ ಸಿಗ್ತಿಲ್ಲ, ಬರೀ ಸೊರ್ರ್ ಅಂತಿದೆ. ಇದಕ್ಕೂ ಅರ್ಥ್ ಏನಾದ್ರೂ ನೋಡ್ಬೇಕಾ?

ನಿಧಾನಗಾಮಿ
ಆಂಟೆನಾ ಹಾಕಿ ಸ್ವಾಮಿ.

ಹಿಂದಿನಸೀಟು
🤦 ಹೌದಲ್ವಾ